ತಡವಾಗಿ ಬರುವ ಹುಡುಗಿ

ವಿದ್ಯಾಗಿರಿ, ಬಾಗಲಕೋಟೆ
21 ಜುಲೈ 2024, ರವಿವಾರ

ಲೀಲಾಬಾಯಿ ಬಾಯಾರಿಗೆ, ನಿಮ್ಮ ಭಾಗ್ಯಜ್ಯೋತಿಯ ನಮಸ್ಕಾರ.

ಇಲ್ಲಿಯ ವಾರ್ಡನ್ ಕೆಲಸದಿಂದ ನಿವೃತ್ತರಾಗಿ ಹೊರಡುವಾಗ ನೀವೇ ಹೇಳಿದ್ದಿರಿ, "ಏನಾರ ಆದ್ರ ಕಾಗದ ಬರಿ, ಫೋನ್ ಮಾಡಬ್ಯಾಡ, ನನ್ನ ಕಿವಿಗೂ ಫೋನಿಗೂ ಆಗಿಬರಂಗಿಲ್ಲ" ಎಂದು. ಮೆಸೇಜು ಹಾಕೋಣವೆಂದರೆ ಬದಾಮಿಯ ನಿಮ್ಮ ಮನೆಯ ಮೊಬೈಲು ಮಗ ಸತ್ಯಬೋಧ ಸರ್ ಕೈಯಲ್ಲಿ. ಹಾಗಾಗಿ ಪೋಸ್ಟಿನವನ ಕಾಲಿಗೆ ಕೆಲಸ ಕೊಟ್ಟಿದ್ದೇನೆ.

ಎಂ.ಎಸ್ಸಿ. ಓದಿನ ಜೊತೆ ಲೇಡೀಸ್ ಹಾಸ್ಟೆಲಿನ ಎರಡನೇ ಮಹಡಿಯ ಇನ್‌ಚಾರ್ಜ್ ಆಗಿ ಒಂದು ತಿಂಗಳು ದಾಟಿತು. ಹುಡುಗಿಯರು "ಅಕ್ಕಾ" ಎಂದು ಕರೆಯುವುದು ಕೇಳಲು ಚೆಂದ, ಆದರೆ ಆ ಅಕ್ಕಾ ಯಾವಾಗಲೂ ಏನಾದರೊಂದು ಜಗಳ ಹೊತ್ತು ತರುತ್ತದೆ. ಮೊನ್ನೆ ಫರಹಾನಾಳ ಬಕೀಟನ್ನು ಯಾರೋ ಬಿಸಿನೀರಿನ ಸಾಲಿನಲ್ಲಿ ಹಿಂದೆ ಸರಿಸಿದರೆಂದು ಮಹಡಿ ಎರಡು ಪಕ್ಷವಾಯಿತು. ನೀವು ಕಲಿಸಿದಂತೆ ಯಾರು ಸರಿಸಿದರೆಂದು ಕೇಳಲೇ ಇಲ್ಲ. ಎರಡೂ ಕಡೆಯವರನ್ನು ಕೂಡಿಸಿ ಮೆಣಸಿನಕಾಯಿ ಭಜಿ ತರಿಸಿದೆ. ಖಾರಕ್ಕೆ ಎಲ್ಲರ ಕಣ್ಣಲ್ಲೂ ನೀರು ಬಂದಿತು, ಜಗಳ ಅಲ್ಲಿಗೆ ಮುಗಿಯಿತು.

ಭಜಿಯಲ್ಲಿ ಮುಗಿಯದ ಒಂದು ಸಂಗತಿ ಇದೆ. ಒಬ್ಬ ಹುಡುಗಿ ವಾರದಲ್ಲಿ ಮೂರು ನಾಲ್ಕು ಸಲ ಗೇಟು ಹಾಕಿದ ಮೇಲೆ ಬರುತ್ತಾಳೆ. ಕೇಳಿದರೆ ಲೈಬ್ರರಿ ಎನ್ನುತ್ತಾಳೆ. ಲೈಬ್ರರಿ ಅಷ್ಟು ಹೊತ್ತು ತೆರೆದಿರುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಕಾವಲುಗಾರ ಶಂಕರಲಿಂಗಪ್ಪನಿಗೆ ಹೇಳಿ ಇಲ್ಲಿಯವರೆಗೆ ಒಳಗೆ ಬಿಡಿಸಿಕೊಂಡಿದ್ದೇನೆ. ಈಗಿನ ವಾರ್ಡನ್ ಮಲಿಕಾ ಮೇಡಂಗೆ ತಿಳಿಸಿಲ್ಲ. ತಿಳಿಸಿದರೆ ಅವರು ಅದೇ ದಿನ ಮನೆಗೆ ಫೋನ್ ಮಾಡುತ್ತಾರೆ. ಹುಡುಗಿ ಕೆಟ್ಟವಳಲ್ಲ ಎಂದು ನನ್ನ ಮನಸ್ಸು ಹೇಳುತ್ತಿದೆ. ಹೆಸರು ಈಗ ಕೇಳಬೇಡಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ನಿಮ್ಮ ಮೊಮ್ಮಗಳು ಶುಭದಾ ಚೆನ್ನಾಗಿ ಓದುತ್ತಿದ್ದಾಳೆ.

ನಿಮ್ಮ
ಭಾಗ್ಯಾ


ಬದಾಮಿ
26 ಜುಲೈ 2024

ಚಿ. ಭಾಗ್ಯಾಳಿಗೆ ಆಶೀರ್ವಾದ.

ನಿನ್ನ ಭಜಿಯ ಉಪಾಯ ಓದಿ ನಗು ಬಂತು. ಆದರೆ ಎರಡನೇ ಸಂಗತಿಯಲ್ಲಿ ನಿನ್ನ ಮೇಲೆ ಸಿಟ್ಟು ಬಂತು, ಅದನ್ನೂ ಬಚ್ಚಿಡುವುದಿಲ್ಲ.

ನೀನು ಕೇಳಿದ್ದು ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದಲ್ಲವೇ? ಮೊದಲು ಹುಡುಗಿಗೆ ಉಣ್ಣಲು ಹಾಕುತ್ತಿದ್ದೆ. ಹಸಿದ ಹುಡುಗಿ ಸುಳ್ಳು ಹೇಳುತ್ತಾಳೆ, ಉಂಡವಳು ಅಳುತ್ತಾಳೆ, ಅತ್ತ ಮೇಲೆ ಖರೆ ಹೇಳುತ್ತಾಳೆ. ಆಮೇಲೆ ಅವಳ ತಂದೆಗೆ ತಿಳಿಸುತ್ತಿದ್ದೆ, ಅದೇ ದಿನ. ಒಂದು ದಿನ ಮುಚ್ಚಿಟ್ಟರೆ ಅದು ಅವಳ ಗುಟ್ಟು, ಎರಡನೇ ದಿನ ಅದು ನಿನ್ನ ಗುಟ್ಟೂ ಆಗುತ್ತದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಊರವರು ಹುಡುಗಿಯ ಹೆಸರನ್ನು ಆಮೇಲೆ ಹೇಳುತ್ತಾರೆ, ಹುನಗುಂದದ ದುರಗವ್ವನ ಮಗಳು ಕಣ್ಣು ಮುಚ್ಚಿಕೊಂಡಿದ್ದಳು ಎಂದು ನಿನ್ನ ಹೆಸರನ್ನು ಮೊದಲು.

ಇದು ಹುಡುಗನ ವಿಷಯ. ನನ್ನ ಕಿವಿ ಹೋಗಿರಬಹುದು, ಮೂಗು ಹೋಗಿಲ್ಲ. ಲೈಬ್ರರಿ ಎಂದು ಹೇಳಿ ಹೋದ ಹುಡುಗಿಯರನ್ನು ಕುಳಗೇರಿ ಕ್ರಾಸಿನ ಚಹಾದಂಗಡಿಯಿಂದ ಎಬ್ಬಿಸಿಕೊಂಡು ಬಂದವಳು ನಾನು. ಅಂಥವರ ಮನೆಯನ್ನು ನೋಡಿದರೆ ತಾಯಿ ಎಲ್ಲೋ, ತಂದೆ ಎಲ್ಲೋ. ತಾಯಿಯಂತೆ ಮಗಳು, ನೂಲಿನಂತೆ ಸೀರೆ.

ಒಬ್ಬಳಿಂದ ಆಗದಿದ್ದರೆ ನಮ್ಮ ಶುಭದಾಳ ಸಹಾಯ ತಗೊ. ಮಾತು ಕಡಿಮೆ, ಕಣ್ಣು ಚುರುಕು. ಆ ಹುಡುಗಿ ಎಲ್ಲಿ ಹೋಗುತ್ತಾಳೆ ನೋಡಿಕೊಂಡು ಬಾ ಎಂದರೆ ನೋಡಿಕೊಂಡು ಬಂದಾಳು. ಪ್ರತಿ ಸೋಮವಾರ, ಗುರುವಾರ ನಾನು ಕಂಡಕ್ಟರ್ ಚಾಂದಸಾಬನ ಬಸ್ಸಿನಲ್ಲಿ ಕಳಿಸುವ ಡಬ್ಬಿ ಅವಳಿಗೆ ಮುಟ್ಟುತ್ತಿದೆಯೋ ಇಲ್ಲವೋ ಅದನ್ನೂ ವಿಚಾರಿಸು. ರೊಟ್ಟಿ ಈಗ ಹೆಚ್ಚು ಬೇಕು ಎಂದು ಹೇಳಿ ಕಳಿಸಿದ್ದಾಳೆ. ಹಸಿವು ಹೆಚ್ಚಿದೆ ಎಂದರೆ ಮೈ ಹತ್ತುತ್ತಿದೆ ಎಂದು ನನಗೆ ಸಮಾಧಾನ.

ತಂದೆಗೆ ತಿಳಿಸು. ಇಂದೇ.

ಲೀಲಾಬಾಯಿ


ವಿದ್ಯಾಗಿರಿ
2 ಆಗಸ್ಟ್ 2024

ಬಾಯಾರೇ,

ಉಣ್ಣಲು ಹಾಕಿದೆ. ಅತ್ತಳು. ಖರೆ ಮಾತ್ರ ಹೇಳಲಿಲ್ಲ. "ಅಕ್ಕಾ, ನಾ ತಪ್ಪು ಮಾಡಾಕತ್ತಿಲ್ಲ, ಇಷ್ಟ ತಿಳ್ಕೊರಿ" ಎಂದಷ್ಟೇ ಅಂದಳು.

ಆದ್ದರಿಂದ ಮಂಗಳವಾರ ನಾನೇ ಹಿಂದೆ ಹೋದೆ. ನಿಮ್ಮ ಮೂಗಿನ ಮೇಲೆ ನಂಬಿಕೆ ಇಟ್ಟು, ಹುಡುಗ ಸಿಕ್ಕರೆ ಅವನಿಗೆ ಏನು ಅನ್ನಬೇಕು ಎಂದು ಆಟೋದಲ್ಲಿ ಕುಳಿತು ಮಾತು ಜೋಡಿಸಿಕೊಂಡಿದ್ದೆ. ಅವಳು ಇಳಿದದ್ದು ನವನಗರದ ಒಂದು ದವಾಖಾನಿಯ ಮುಂದೆ. ಹೆಂಗಸರ ವಾರ್ಡಿನ ಕಿಟಕಿ ಹತ್ತಿರದ ಕಾಟಿನ ಮೇಲೆ ಒಬ್ಬ ಹೆಣ್ಣುಮಗಳು ಮಲಗಿದ್ದಳು, ಮುಖ ಸುಣ್ಣ ಬಳಿದ ಹಾಗೆ. ಹುಡುಗಿ ಚೀಲದಿಂದ ಊಟ ತೆಗೆದು, ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಜೋಡಿಸಿಕೊಂಡ ಮಾತೆಲ್ಲ ಬಿಟ್ಟು ಹಾಲಿನ ಬಟ್ಟಲನ್ನು ನಾನು ಹಿಡಿದುಕೊಂಡೆ.

ಅದು ಅವಳ ತಾಯಿ. ಗರ್ಭಕೋಶದಲ್ಲಿ ಗಡ್ಡೆ. ಮೈಯಲ್ಲಿ ರಕ್ತವೇ ಇಲ್ಲದ್ದರಿಂದ ಆಪರೇಷನ್ ಮುಂದೆ ಹಾಕಿದ್ದಾರೆ. ಒಮ್ಮೆ ಮನೆಗೆ ಕಳಿಸಿ ಮತ್ತೆ ಕರೆಸಿಕೊಂಡಿದ್ದಾರೆ. ತಾಯಿ ಗಂಡನಿಂದ ದೂರ ಇದ್ದಾಳೆ. ತಾಯಿಯನ್ನು ನೋಡಿದೆ ಎಂದು ಮನೆಯಲ್ಲಿ ತಿಳಿದರೆ ತಂದೆ ಕಾಲೇಜು ಬಿಡಿಸುತ್ತಾರಂತೆ. "ಹಂಗಂತ ಹೇಳೇ ಸೇರಿಸ್ಯಾರ ಅಕ್ಕಾ" ಎಂದಳು. ಇದು ಅವಳ ಕೊನೆಯ ವರ್ಷ. ಕಾಲೇಜು ಹೋದರೆ ತಾಯಿಯ ಹತ್ತಿರ ಬರುವ ದಾರಿಯೂ ಮುಚ್ಚಿತು.

ಈಗ ಹೇಳಿರಿ, ಆ ತಂದೆಗೆ ನಾನು ಹೇಗೆ ತಿಳಿಸಲಿ? ಯಾರಿಗೂ ಹೇಳುವುದಿಲ್ಲವೆಂದು ಹುಡುಗಿಯ ಕೈ ಮೇಲೆ ಕೈ ಇಟ್ಟು ಬಂದಿದ್ದೇನೆ.

ಪಂಚಮಿಗೆ ಹಾಸ್ಟೆಲು ಖಾಲಿಯಾಗುತ್ತಿದೆ. ಶುಭದಾ ಟೆಸ್ಟ್ ಇದೆ ಎಂದು ಇಲ್ಲೇ ಉಳಿಯುತ್ತಾಳಂತೆ. ನೀವು ಬೇಸರ ಮಾಡಿಕೊಳ್ಳಬಾರದು. ಡಬ್ಬಿ ಮುಟ್ಟುತ್ತಿದೆ. ರೊಟ್ಟಿ ಒಂದೂ ದಂಡ ಆಗುತ್ತಿಲ್ಲ.

ಭಾಗ್ಯಾ


ಬದಾಮಿ
12 ಆಗಸ್ಟ್ 2024, ಸೋಮವಾರ

ಭಾಗ್ಯಾ,

ಪಂಚಮಿ ಆಯಿತು. ಜೋಕಾಲಿ ಕಟ್ಟಿದೆವು, ಜೀಕುವ ಹುಡುಗಿಯೇ ಬರಲಿಲ್ಲ. ಹಬ್ಬದ ದಿನವೂ ಓದುವ ಮೊಮ್ಮಗಳು ನನಗೊಬ್ಬಳಿಗೇ ಇರಬೇಕು. ಉಂಡಿ ಡಬ್ಬಿಯಲ್ಲಿ ಹೋಗಿವೆ. ನಿನಗೂ ಕೊಡು ಎಂದಿದ್ದೇನೆ, ಕೊಟ್ಟಳೋ ಇಲ್ಲವೋ.

ಆದರೂ ಅವಳಲ್ಲಿ ಒಂದು ಸುಧಾರಣೆ ಕಂಡಿದ್ದೇನೆ. ಮೊದಲು ಚಟ್ನಿ ಒಣಗಿ ಅಂಟಿದ ಡಬ್ಬಿಯನ್ನು ಹಾಗೆಯೇ ಬಸ್ಸಿಗೆ ಹಾಕುತ್ತಿದ್ದಳು. ಈಗ ತಿಂಗಳಿಂದ ತಿಕ್ಕಿ, ಒರೆಸಿ, ಒಳಗೆ ನಾಲ್ಕು ಜೋಳದ ಕಾಳು ಹಾಕಿ ಕಳಿಸುತ್ತಿದ್ದಾಳೆ. ಉಂಡ ಮನೆಗೆ ಖಾಲಿ ಪಾತ್ರೆ ತಿರುಗಿ ಕೊಡಬಾರದೆಂದು ನಾನು ಬಡಕೊಂಡಾಗ ಕಿವಿಗೆ ಹಾಕಿಕೊಳ್ಳದವಳು ಹಾಸ್ಟೆಲಿನಲ್ಲಿ ಕಲಿತಳಲ್ಲ! ನಮ್ಮ ಮನೆಯಲ್ಲಿ ಸಕ್ಕರೆ ಹಾಕುವುದು ರೂಢಿ. ಇರಲಿ, ಹಾಸ್ಟೆಲಿನಲ್ಲಿ ಸಕ್ಕರೆ ಎಲ್ಲಿಂದ ತಂದಾಳು.

ಈಗ ನಿನ್ನ ವಿಷಯ. ನಿನ್ನ ಕರುಳು ಕರಗಿದ್ದು ತಿಳಿಯಿತು. ನಿನ್ನ ಕೆಲಸ ಕರುಳಿನಿಂದ ಮಾಡುವಂಥದ್ದಲ್ಲ. ಗಂಡನನ್ನು ಬಿಟ್ಟು ಹೋದ ಹೆಣ್ಣುಮಗಳು ಜಡ್ಡು ಬಿದ್ದಾಗ ಮಗಳನ್ನು ಹುಡುಕಿಕೊಂಡು ಬಂದಳಲ್ಲ, ಅದರ ಅರ್ಥ ನಿನಗೆ ಹೊಳೆಯಲಿಲ್ಲವೇ? ಹೋಗುವಾಗ ಮಗಳು ಬೇಡವಾಗಿದ್ದಳು, ಸೇವೆಗೆ ಮಾತ್ರ ಬೇಕು. ಹುಡುಗಿಯ ಓದು ಹಾಳಾದರೆ ಆ ತಾಯಿ ಜವಾಬ್ದಾರಳೋ, ನೀನೋ? ಕತ್ತಲಲ್ಲಿ ನವನಗರದಿಂದ ಬರುವಾಗ ಅವಳಿಗೆ ಏನಾದರೂ ಆದರೆ?

ಇಷ್ಟು ದಿನ ಕಾದೆ. ನೀನು ತಿಳಿಸುವವಳಲ್ಲ ಎಂದು ಗೊತ್ತಾಯಿತು. ಇಂದೇ ಮಲಿಕಾಳಿಗೆ ಬೇರೆ ಕಾಗದ ಹಾಕುತ್ತಿದ್ದೇನೆ, ಎರಡನೇ ಮಹಡಿಯಲ್ಲಿ ಒಬ್ಬಳು ತಡವಾಗಿ ಬರುತ್ತಿದ್ದಾಳೆ, ವಿಚಾರಿಸು ಎಂದು. ನಿನಗೆ ಹೇಳಿಯೇ ಮಾಡುತ್ತಿದ್ದೇನೆ, ಬೆನ್ನ ಹಿಂದೆ ಅಲ್ಲ. ಮುಂದೊಂದು ದಿನ ನೀನೂ ವಾರ್ಡನ್ ಆದಾಗ ನನ್ನನ್ನು ನೆನೆಯುತ್ತೀ.

ಲೀಲಾಬಾಯಿ


ವಿದ್ಯಾಗಿರಿ
16 ಆಗಸ್ಟ್ 2024

ಬಾಯಾರೇ,

ಯಾಕೆ ಹೀಗೆ ಮಾಡಿದಿರಿ? ನಾನು ಕೇಳಿದ್ದು ಬುದ್ಧಿಮಾತು. ನಂಬಿ ಹೇಳಿದ್ದನ್ನು ನೀವು ಇನ್ನೊಬ್ಬರಿಗೆ ದಾಟಿಸಿದಿರಿ. ದೊಡ್ಡವರಿಗೆ ಹೀಗೆ ಬರೆಯಬಾರದು, ಆದರೆ ನನಗೆ ಸಿಟ್ಟು ಬಂದಿದೆ.

ಮಲಿಕಾ ಮೇಡಂ ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ನಿಮ್ಮ ಕಾಗದ. "ಯಾರು ಆ ಹುಡುಗಿ?" ಎಂದರು. ಹೇಳಲಾರೆ ಎಂದೆ. "ನೀ ಹುಡುಗ್ಯಾರ ಕಡೆ ಇದ್ದಿಯೋ, ಹಾಸ್ಟೆಲಿನ ಕಡೆ ಇದ್ದಿಯೋ?" ಎಂದರು. ಎರಡೂ ಬೇರೆ ಬೇರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸೋಮವಾರದೊಳಗೆ ಹೆಸರು ಕೊಡಬೇಕು, ಇಲ್ಲದಿದ್ದರೆ ಶಂಕರಲಿಂಗಪ್ಪನನ್ನು ಕೇಳುತ್ತಾರೆ. ಅವನಿಗೆ ಕೆಲಸ ಉಳಿಯಬೇಕು, ಹೇಳುತ್ತಾನೆ. ನಾನು ಅವನನ್ನು ದೂರುವುದಿಲ್ಲ.

ನೀವು ಆ ತಾಯಿಯ ಬಗ್ಗೆ ಬರೆದದ್ದು ಸುಳ್ಳು. ಮಗಳನ್ನು ಅವಳು ಕರೆಸಿಕೊಂಡಿಲ್ಲ. ಜಡ್ಡಿನ ಸುದ್ದಿ ಬೇರೆಯವರಿಂದ ತಿಳಿದು ಹುಡುಗಿ ತಾನೇ ಹೋದಳು. ತಾಯಿ ಅವಳನ್ನು ಕಂಡ ಕೂಡಲೇ "ಯಾಕ ಬಂದಿ, ಮನ್ಯಾಗ ತಿಳಿದ್ರ ನಿನ್ನ ಸಾಲಿ ಬಿಡಸ್ತಾರ" ಎಂದು ಬೈದು ಕಳಿಸಿದ್ದಳಂತೆ. ಇವಳು ಮತ್ತೆ ಹೋದಳು. ಮನೆ ಬಿಟ್ಟ ಕಾರಣವೂ ನೀವು ಅಂದುಕೊಂಡಂತಿಲ್ಲ. ಇಲಕಲ್ಲಿನ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಹೋದರೆ ತಿರುಗಿ ಬರಬೇಡ ಎಂದು ಗಂಡ ಹೇಳಿದ. ಹೋದಳು, ತಿರುಗಿ ಬರಲು ಬಿಡಲಿಲ್ಲ. ಮಗಳಿಗೆ ಬರೆದ ಕಾಗದಗಳೂ ವಾಪಸು ಬಂದವಂತೆ.

ಆಸ್ಪತ್ರೆಯ ಊಟ ಆಕೆಗೆ ಸೇರುವುದಿಲ್ಲ. ಮಗಳು ತಂದ ರೊಟ್ಟಿ, ಮೆಂತ್ಯಹಿಟ್ಟು ಇದ್ದರೆ ಎರಡು ತುತ್ತು ಹೆಚ್ಚಿಗೆ ಹೋಗುತ್ತದೆ. ಕೈಯಲ್ಲಿ ಸೂಜಿ ಇದ್ದರೂ ಉಂಡ ಡಬ್ಬಿಯನ್ನು ತಾನೇ ತೊಳೆಯುತ್ತಾಳೆ, ಮಗಳಿಗೆ ಬಿಡುವುದಿಲ್ಲ. ಅಂಥವಳು ಸೇವೆಗಾಗಿ ಮಗಳನ್ನು ಬಯಸುವವಳೇ?

ವಿಚಾರಣೆ ಬಿಡು ಎಂದು ಮೇಡಂಗೆ ಇನ್ನೊಂದು ಕಾಗದ ಹಾಕಿರಿ. ನಿಮ್ಮ ಮಾತು ಅವರು ತೆಗೆದುಹಾಕುವುದಿಲ್ಲ. ಬೇಗ ಬಾಯಾರೇ.

ಭಾಗ್ಯಾ


ಬದಾಮಿ
20 ಆಗಸ್ಟ್ 2024

ಭಾಗ್ಯಾ,

ನಿನ್ನ ಕಾಗದ ಈಗ ಬಂತು. ಒಂದು ಸಲ ಓದಿದೆ. ಎದ್ದು ಅಡುಗೆಮನೆಗೆ ಹೋಗಿ ನಿನ್ನೆ ಬಂದ ಡಬ್ಬಿ ತೆರೆದೆ. ಜೋಳದ ಕಾಳು.

ನನ್ನ ಸೊಸೆ ಪದ್ಮಜಾಳ ತವರು ಇಲಕಲ್ಲು. ಅವರ ಮನೆಯಲ್ಲಿ ಹೀಗೆ ಜೋಳ ಹಾಕುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಬೀಗರ ಪಾತ್ರೆಗೆ ಜೋಳ ಹಾಕಿದ್ದಕ್ಕೆ ಎಲ್ಲರೆದುರು ಅವಳನ್ನು ಅಂದಿದ್ದೆ, "ನಮ್ಮಲ್ಲೆ ಸಕ್ರಿ ಹಾಕ್ತಾರ" ಎಂದು. ಆಮೇಲೆ ಅವಳು ಸಕ್ಕರೆಯನ್ನೇ ಹಾಕಿದಳು, ನಮ್ಮ ಮನೆಯಲ್ಲಿ ಇರುವವರೆಗೂ. ಈಗ ತನ್ನ ಮನೆಯ ರೂಢಿಗೆ ತಿರುಗಿದ್ದಾಳೆ. ನಾನು ಮೊಮ್ಮಗಳು ಸುಧಾರಿಸಿದಳೆಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ.

ನೀನು ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಈಗ ತಿಳಿಯಿತು.  ಪದ್ಮಜಾಳ ಮುಖ ಸುಣ್ಣದ ಹಾಗಿದೆ ಎಂದು ಬರೆದಿದ್ದೆಯಲ್ಲ, ಆ ಮಾತನ್ನು ಆಗ ನಾನು ಹಾಗೆಯೇ ದಾಟಿ ಹೋಗಿದ್ದೆ.

ಸೋಮವಾರ ನಿನ್ನೆಯೇ ಮುಗಿದಿದೆ. ಹೆಸರು ಕೊಟ್ಟಿರದಿದ್ದರೆ ಕೊಡಬೇಡ. ಮಲಿಕಾಳಿಗೂ ಇದೇ ಅಂಚೆಯಲ್ಲಿ ಬರೆಯುತ್ತಿದ್ದೇನೆ. ಸತ್ಯಬೋಧನಿಗೆ ತಿಳಿಯಬಾರದು. ಅವನಿಗೆ ತಿಳಿದರೆ ಹುಡುಗಿಯನ್ನು ಎಳೆದು ತರುತ್ತಾನೆ. ಅವನನ್ನು ಹೆತ್ತವಳು ನಾನು, ನನಗೆ ಗೊತ್ತು.

ಲೀ.


ವಿದ್ಯಾಗಿರಿ
20 ಆಗಸ್ಟ್ 2024

ಬಾಯಾರೇ,

ಇನ್ನು ಮುಚ್ಚುವುದರಲ್ಲಿ ಅರ್ಥವಿಲ್ಲ. ಆ ಹುಡುಗಿ ಶುಭದಾ. ವಾರ್ಡಿನಲ್ಲಿ ಇರುವವರು ನಿಮ್ಮ ಸೊಸೆ ಪದ್ಮಜಾ ಬಾಯಾರು. ಮೊದಲನೇ ಕಾಗದದಿಂದಲೂ ನನಗೆ ಹುಡುಗಿ ಯಾರೆಂದು ಗೊತ್ತಿತ್ತು. ನೀವು ಅವಳನ್ನೇ ಅವಳ ಕಾವಲಿಗೆ ಹಾಕು ಎಂದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿನ್ನೆ ನಾನು ಹೆಸರು ಕೊಡಲಿಲ್ಲ. ಮೇಡಂ ಶಂಕರಲಿಂಗಪ್ಪನನ್ನು ಕರೆಸಲು ಹೇಳಿದರು. ಅಷ್ಟರಲ್ಲಿ ಶುಭದಾ ತಾನೇ ಆಫೀಸಿನೊಳಗೆ ಬಂದು, "ಅಕ್ಕಾರಿಗೆ ಏನೂ ಅನಬ್ಯಾಡ್ರಿ ಮೇಡಂ, ತಡಾ ಮಾಡಿ ಬರಾಕಿ ನಾನ" ಎಂದಳು. ನಾನು ಅವಳ ಕೈ ಜಗ್ಗಿದೆ, ಬಿಡಿಸಿಕೊಂಡಳು. ಮೇಡಂ ಅವಳ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಅವಳ ಮನೆಗೆ ಫೋನ್ ಮಾಡಿದರು. ನಿಯಮ ಅವರಿಗೂ ಇದೆ.

ಇಂದು ಮಧ್ಯಾಹ್ನ ಸತ್ಯಬೋಧ ಸರ್ ಬಂದರು. ಚಪ್ಪಲಿ ಕಳೆಯದೆ ಒಳಗೆ ನುಗ್ಗಿ, "ಪೆಟಗಿ ಕಟ್ಟು, ನಡಿ" ಎಂದರು. ಶುಭದಾ ಮೆಟ್ಟಿಲಿನ ಕಂಬಿ ಹಿಡಿದುಕೊಂಡು, "ಅವ್ವಂದು ಆಪರೇಷನ್ ಆಗೂತನಾ ಬರಂಗಿಲ್ಲ" ಎಂದಳು. ಅವರು ಕೈ ಎತ್ತಿದರು. ನಾನು ನಡುವೆ ಹೋಗಿ ನಿಂತೆ. ಧೈರ್ಯ ಎಂದುಕೊಳ್ಳಬೇಡಿ, ನಾನೂ ಅದೇ ಕಂಬಿ ಹಿಡಿದುಕೊಂಡಿದ್ದೆ. ಮೇಲಿನ ವರಾಂಡದಲ್ಲಿ ಫರಹಾನಾ ಮತ್ತು ಎಲ್ಲ ಹುಡುಗಿಯರು ನಿಂತು ನೋಡುತ್ತಿದ್ದರು.

ಆಗ ಮಲಿಕಾ ಮೇಡಂ ಬಂದು, "ಸರ್, ಹುಡುಗಿನ್ನ ಸೇರಿಸಿದವ್ರು ನಿಮ್ಮ ತಾಯಿಯವರು. ಸೇರಿಸಿದವ್ರು ಬಂದು ಹೇಳೂತನಾ ತಂದಿಗೂ ಕಳಸೂದಿಲ್ಲ, ಇದು ಅವ್ರ ಮಾಡಿದ ನಿಯಮ" ಎಂದರು. ಮದುವೆ ಮಾಡಲೆಂದು ಯಾವುದೋ ಹುಡುಗಿಯನ್ನು ಕಾಕಾ ಬಂದು ಕರೆದೊಯ್ದ ಮೇಲೆ ನೀವು ಮಾಡಿದ ನಿಯಮವಂತೆ. "ಹಂಗಾದ್ರ ಅವ್ವನ್ನ ಕರಕೊಂಡು ಬರ್ತೇನಿ" ಎಂದು ಸರ್ ಬದಾಮಿಗೆ ಹೊರಟರು.

ಈ ಕಾಗದಕ್ಕಿಂತ ಮೊದಲು ಅವರು ನಿಮ್ಮ ಮುಂದೆ ಬಂದು ನಿಂತಿರುತ್ತಾರೆ. ನೀವು ಏನು ಹೇಳುತ್ತೀರಿ ಎಂದು ನನಗೆ ಗೊತ್ತಿಲ್ಲ. ಶುಭದಾ ಕೇಳಿದಳು, "ಅಜ್ಜಿ ಯಾರ ಕಡೆ ಅಕ್ಕಾ?" 

ಭಾಗ್ಯಾ


ಬದಾಮಿ
21 ಆಗಸ್ಟ್ 2024
(ಚಾಂದಸಾಬನ ಕೈಯಲ್ಲಿ)

ಭಾಗ್ಯಾ,

ಅಂಚೆಗೆ ಕಾಯಲು ಈಗ ವ್ಯವಧಾನವಿಲ್ಲ. ಚಾಂದಸಾಬ ಹಾಸ್ಟೆಲಿಗೇ ಬಂದು ನಿನ್ನ ಕೈಗೆ ಇದನ್ನು ಕೊಡುತ್ತಾನೆ. ಒಳಗಿರುವ ಇನ್ನೊಂದು ಚೀಟಿ ಮಲಿಕಾಳಿಗೆ. ಅದರಲ್ಲಿ ಇರುವುದು ಇಷ್ಟೇ: ಶುಭದಾಳನ್ನು ಸೇರಿಸಿದವಳು ನಾನು, ಅವಳು ಅಲ್ಲೇ ಇದ್ದು ಓದು ಮುಗಿಸುತ್ತಾಳೆ, ಸಂಜೆ ತಾಯಿಯ ಹತ್ತಿರ ಹೋಗಿ ಬರುತ್ತಾಳೆ, ತಂದೆ ಬಂದರೂ ಕಳಿಸಬೇಡಿ.

ನಿನ್ನೆ ಹಾಸ್ಟೆಲಿನಿಂದ ಸಿಟ್ಟಿನಲ್ಲಿ ಬಂದ ಸತ್ಯಬೋಧ ನಡೆದದ್ದನ್ನೆಲ್ಲ ಹೇಳಿದ, ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದವನೇ "ಅವ್ವಾ, ತಯಾರಾಗು, ಬಾಗಲಕೋಟಿಗೆ ಹೋಗೂಣು" ಎಂದು ಕಿವಿಯ ಹತ್ತಿರ ಕೂಗಿದ. ನಾನು ಬರುವುದಿಲ್ಲ, ಅವಳನ್ನೂ ಕರೆತರಬೇಡ ಎಂದೆ. ಮೊದಲು ನನಗೆ ಕೇಳಿಸಿಲ್ಲವೆಂದುಕೊಂಡು ಇನ್ನೊಮ್ಮೆ ಕೂಗಿದ. ಕೇಳಿಸಿದೆ ಎಂದೆ. ಮುಖ ಕೆಂಪಾಯಿತು. "ಆಕಿ ಮನಿ ಬಿಟ್ಟ ಹೋದಾಕಿ, ಆಕಿ ಸಲುವಾಗಿ ನನ್ನ ಎದರಿಗೆ ಮಾತಾಡ್ತಿಯೇನು?" ಎಂದ. ನಾನೂ ಬಿಡಲಿಲ್ಲ. "ಆಕಿ ನೌಕರಿಗೆ ಹೋದ್ಲು. ನಾನೂ ಹೋಗಿದ್ದೆ, ನಿನ್ನ ಅಪ್ಪ ನನಗ ಬಾಗಲಾ ಹಾಕಲಿಲ್ಲ" ಎಂದೆ. "ಊರಿಗೆ ಉಪಕಾರಿ, ಮನಿಗೆ ಮಾರಿ ಆದಿ" ಎಂದು ಹೊರಗೆ ಹೋದ. ಪಡಸಾಲೆಯಲ್ಲಿ ಶುಭದಾಳ ತಮ್ಮ ಸಂಕೇತ ಎಲ್ಲ ಕೇಳುತ್ತ ಕುಳಿತಿದ್ದ. ಅವನೂ ನನ್ನ ಜೊತೆ ಮಾತಾಡುತ್ತಿಲ್ಲ.

ಈ ಮನೆಯಲ್ಲಿ ನನಗೆ ಇನ್ನು ಸುಖವಿಲ್ಲ, ಅದು ನನಗೆ ಗೊತ್ತಿದೆ. ಅಂಜಿಕೆಯೂ ಆಗುತ್ತಿದೆ. ಈ ವಯಸ್ಸಿನಲ್ಲಿ ಮಗನ ಮುಖ ತಪ್ಪಿದರೆ ಹೇಗೆ? ಆದರೂ ನಾಳೆ ಹೊರಡುತ್ತೇನೆ, ಪದ್ಮಜಾಳ ಹತ್ತಿರ. ಅವಳಿಗೆ ಮೊದಲೇ ಹೇಳಬೇಡ. ಹೇಳಿದರೆ ಬರಬೇಡ ಎಂದಾಳು.

ಶುಭದಾಳಿಗೆ ಹೇಳು, ಅಜ್ಜಿ ಅವಳ ಕಡೆ.

ಲೀಲಾಬಾಯಿ


ಹುನಗುಂದ
28 ಆಗಸ್ಟ್ 2024

ಬಾಯಾರೇ,

ನೀವು ವಾರ್ಡಿಗೆ ಹೋದ ದಿನವೇ ನಾನು ಊರಿಗೆ ಬರಬೇಕಾಯಿತು. ಮಲಿಕಾ ಮೇಡಂ ಮಹಡಿಯ ಜವಾಬ್ದಾರಿಯನ್ನು ನನ್ನಿಂದ ತೆಗೆದು, ಸ್ವಲ್ಪ ದಿನ ಮನೆಗೆ ಹೋಗಿ ಬಾ ಎಂದು ಕಳಿಸಿದರು. "ನೀ ಮಾಡಿದ್ದು ಸರಿ ಇರಬಹುದು, ಆದ್ರ ನನಗ ಹೇಳದ ಮಾಡಿದಿ" ಎಂದರು. ಅವರ ಮಾತನ್ನು ತಪ್ಪು ಎನ್ನಲಾರೆ. ಎಲ್ಲರ ಹಾಗೆ ಇನ್ನು ನಾನೂ ಬಿಸಿನೀರಿನ ಸಾಲಿನಲ್ಲಿ ಬಕೀಟು ಇಡಬೇಕು. ಅವ್ವನಿಗೆ ರಜೆ ಇದೆ ಎಂದು ಹೇಳಿದ್ದೇನೆ. ನಂಬಿಲ್ಲ, ಆದರೆ ಕೇಳುತ್ತಲೂ ಇಲ್ಲ, ಹೊತ್ತು ಹೊತ್ತಿಗೆ ಉಣ್ಣಲು ಹಾಕುತ್ತಿದ್ದಾಳೆ.

ಶುಭದಾ ಫೋನಿನಲ್ಲಿ "ಅಜ್ಜಿ, ಅವ್ವ ಇಬ್ಬರೂ ಮಾತಾಡವಲ್ಲರು" ಎಂದಷ್ಟೇ ಹೇಳಿ ಅಳುತ್ತಾಳೆ. ಆಪರೇಷನ್ ಆಯಿತೇ? ಏನಾದರೂ ಬರೆಯಿರಿ. ನನಗೆ ಊಟ ಸೇರುತ್ತಿಲ್ಲ.

ಭಾಗ್ಯಾ


ನವನಗರ, ಬಾಗಲಕೋಟೆ
2 ಸೆಪ್ಟೆಂಬರ್ 2024, ಸೋಮವಾರ

ಭಾಗ್ಯಾ,

ವಾರ್ಡಿನ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಇದ್ದರೆ ಸುಧಾರಿಸಿಕೊ. ಆಪರೇಷನ್ ಶನಿವಾರ ಆಯಿತು. ಗಡ್ಡೆ ತೆಗೆದರು. ಭಯ ಇಲ್ಲವೆಂದು ಡಾಕ್ಟರ್ ಹೇಳಿದ್ದಾರೆ. ನಿನ್ನೆಯಿಂದ ಗಂಜಿ ಕುಡಿಯುತ್ತಿದ್ದಾಳೆ. ಈಗ ನೀನು ಉಣ್ಣು.

ನಾನು ಬಂದ ದಿನ ಪದ್ಮಜಾ ನನ್ನನ್ನು ನೋಡಿ ಗೋಡೆಯ ಕಡೆ ಮುಖ ಮಾಡಿದಳು. ಅದು ನನಗೆ ಸಲ್ಲಬೇಕಾದದ್ದೇ. ಅವಳ ಬೆನ್ನನ್ನೇ ನೋಡುತ್ತ ಕುಳಿತೆ. ಬಟ್ಟೆ ಒಗೆದೆ, ನೀರು ಕಾಸಿ ತಂದೆ, ಔಷಧಕ್ಕೆ ಓಡಾಡಿದೆ. ಹಾಸ್ಟೆಲಿನಲ್ಲಿ ಜ್ವರ ಬಂದ ಯಾರದೋ ಮಕ್ಕಳಿಗೆ ಇದನ್ನೆಲ್ಲ ಎಷ್ಟೋ ಸಲ ಮಾಡಿದ್ದೇನೆ, ನನ್ನ ಸೊಸೆಗೆ ಮಾಡಿದ್ದು ಇದೇ ಮೊದಲು. ಆಪರೇಷನ್ನಿಗೆ ಒಯ್ಯುವ ಮೊದಲು ಅವಳು ತಿರುಗಿ, ನನ್ನ ಕಿವಿಗೆ ಕೇಳುವಂತೆ, "ಅತ್ತಿಯವರ, ನೀವು ಬಂದದ್ದು ನನ್ನ ಸಲುವಾಗಿಯೋ, ನಿಮ್ಮ ಮಗನ ಮನಿ ಉಳಿಸಾಕೋ?" ಎಂದು ಕೇಳಿದಳು. "ನಿನ್ನ ಸಲುವಾಗಿ" ಎಂದೆ. "ಹಂಗಾದ್ರ ಮನಿಗೆ ಬಾ ಅನಬ್ಯಾಡ್ರಿ" ಎಂದಳು. ಅನ್ನುವುದಿಲ್ಲ ಎಂದೆ. ಅಷ್ಟೇ ಮಾತು. ಗಾಡಿ ತಳ್ಳಿಕೊಂಡು ಹೋದರು. ನಾನೂ ಶುಭದಾಳೂ ಹೊರಗಿನ ಬೆಂಚಿನ ಮೇಲೆ ಒಬ್ಬರ ಕೈ ಒಬ್ಬರು ಹಿಡಿದು ಕುಳಿತೆವು.

ಮೈ ಸುಧಾರಿಸಿದ ಮೇಲೆ ಇಲಕಲ್ಲಿಗೆ ಹೋಗುತ್ತಾಳೆ, ತನ್ನ ಮನೆಗೆ, ತನ್ನ ಸಾಲಿಗೆ. ಜೊತೆಗೆ ನಾನು ಬರಲೇ ಎಂದು ಇನ್ನೂ ಕೇಳಿಲ್ಲ. ಬೇಡ ಎಂದರೆ ತಡೆದುಕೊಳ್ಳುವ ಶಕ್ತಿ ಬರಲಿ ಎಂದು ಕಾಯುತ್ತಿದ್ದೇನೆ. ಶುಭದಾ ದಿನಾ ಸಂಜೆ ಬಂದು ಓದಿಕೊಳ್ಳುತ್ತಾಳೆ.

ಇಷ್ಟು ಬರೆಯುವಷ್ಟರಲ್ಲಿ ಸತ್ಯಬೋಧ ಬಂದ. ಹೆಂಗಸರ ವಾರ್ಡು, ಒಳಗಿನಿಂದ ಯಾರಾದರೂ ಕರೆಯದೆ ಗಂಡಸರು ಬರುವ ಹಾಗಿಲ್ಲ. ಬಾಗಿಲಲ್ಲಿ ನಿಂತಿದ್ದಾನೆ, ಕೈಯಲ್ಲಿ ಮೋಸಂಬಿಯ ಚೀಲ. ಗಡ್ಡ ಬೆಳೆದಿದೆ, ಇಳಿದು ಹೋಗಿದ್ದಾನೆ. ನನ್ನನ್ನು ನೋಡಿ, ಕರಿ ಎಂದು ಕಣ್ಣಿನಲ್ಲೇ ಹೇಳಿದ. ಚಿಕ್ಕವನಿದ್ದಾಗ ಸಾಲಿಯಲ್ಲಿ ಹೊಡೆತ ತಿಂದು ಬಂದಾಗಲೂ ಹೀಗೇ ನಿಲ್ಲುತ್ತಿದ್ದ. ನನಗೆ ಅರಿವಿಲ್ಲದೆ ಎದ್ದು ನಿಂತೆ.

ಪದ್ಮಜಾ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿ, "ಕರೀಬ್ಯಾಡ್ರಿ" ಎಂದಳು.

ಕುಳಿತುಕೊಂಡೆ. ಅವನು ಇನ್ನೂ ಅಲ್ಲೇ ನಿಂತಿದ್ದಾನೆ ಭಾಗ್ಯಾ. ನಾನು ಕರೆದಿಲ್ಲ.

ಲೀಲಾಬಾಯಿ